ಮೊಟ್ಟೆಯಲ್ಲೇ ಬರೆದ ಜಾತಿ

ವಾರ್‌ಹ್ಯಾಮರ್ ಎಂಬ ಕಾಲ್ಪನಿಕ ಜಗತ್ತಿನ ಲಸ್ಟ್ರಿಯಾ ಎಂಬ ಕಾಡುನಾಡಿನಲ್ಲಿ ಲಿಜರ್ಡ್‌ಮೆನ್ ಎಂಬ ಉರಗ ಜನ ವಾಸಿಸುತ್ತಾರೆ. ಅವರಲ್ಲಿ ಮದುವೆಯಿಲ್ಲ, ಮನೆತನವಿಲ್ಲ, ತಾಯಿತಂದೆ ಎಂಬ ಸಂಬಂಧವೇ ಇಲ್ಲ. ದೇವಾಲಯ ನಗರಗಳ ಪವಿತ್ರ ಕೊಳಗಳಿಂದ ಅವರು ಗುಂಪುಗುಂಪಾಗಿ ಎದ್ದು ಬರುತ್ತಾರೆ. ಎದ್ದು ಬರುವಾಗಲೇ ಯಾರು ಏನಾಗಬೇಕು ಎಂಬುದು ಮೈಯಲ್ಲಿ ತೀರ್ಮಾನವಾಗಿರುತ್ತದೆ. ಸ್ಕಿಂಕ್‌ಗಳದು ಸಣ್ಣ ಮೈ, ಚುರುಕು ಬುದ್ಧಿ. ಕೈಕಸುಬು, ಆಡಳಿತ, ಪೂಜೆ, ಪರಿಚಾರಿಕೆ ಅವರ ಪಾಲಿಗೆ ಬಂದಿವೆ. ಸಾರಸ್‌ಗಳು ಯುದ್ಧಕ್ಕೆಂದೇ ಹುಟ್ಟಿದವರು. ಆಯುಧ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಕ್ರಾಕ್ಸಿಗಾರ್‌ಗಳು ಮೊಸಳೆಯಂಥ ದೈತ್ಯರು. ಬಂಡೆ ಹೊತ್ತು ಕಟ್ಟಡ ಕಟ್ಟುವುದು ಅವರ ಕೆಲಸ. ಇವರೆಲ್ಲರ ಮೇಲೆ ಸ್ಲಾನ್ ಎಂಬ ಮಾಂತ್ರಿಕ ಪುರೋಹಿತರಿದ್ದಾರೆ. ಈ ಒಡೆಯರು ನಿಜಕ್ಕೆ ಉರಗಗಳೂ ಅಲ್ಲ, ಕಪ್ಪೆಯ ಮೈಯವರು. ಆಳುವವರ ದೇಹ ಆಳಿಸಿಕೊಳ್ಳುವವರ ದೇಹಕ್ಕಿಂತ ಮೂಲದಲ್ಲೇ ಬೇರೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕಲ್ಪನೆ ಅಪರೂಪ.

1983ರಲ್ಲಿ ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ ಹೊರತಂದ ಯುದ್ಧದ ಆಟದಿಂದ ಈ ಜಗತ್ತು ಬೆಳೆಯಿತು. ಲಿಜರ್ಡ್‌ಮೆನ್ ತಮ್ಮ ಪರಿಚಿತ ರೂಪ ಪಡೆದದ್ದು 1990ರ ದಶಕದಲ್ಲಿ. 1980 ಮತ್ತು 1990ರ ದಶಕಗಳಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಯುವಾನ್-ಟಿ ಎಂಬ ಸರ್ಪಮಾನವರು, ಡ್ರ್ಯಾಗನ್‌ಲ್ಯಾನ್ಸ್ ಕಾದಂಬರಿಗಳ ಡ್ರಾಕೋನಿಯನ್ನರು, ಎಲ್ಡರ್ ಸ್ಕ್ರೋಲ್ಸ್ ಎಂಬ ವಿಡಿಯೊ ಆಟಗಳ ಆರ್ಗೋನಿಯನ್ನರು ಹುಟ್ಟಿಕೊಂಡರು. ಒಂದೊಂದು ಜನಾಂಗದಲ್ಲೂ ಒಂದೊಂದು ಬಗೆಯ ಶ್ರೇಣಿಯಿದೆ. ಇವೆಲ್ಲ ಮಕ್ಕಳಾಟದ ಸಾಮಗ್ರಿ ಎಂದು ಬದಿಗಿಡುವಂತಿಲ್ಲ. ಜಾತಿಯ ಪರವಾಗಿ ಮನುಷ್ಯರು ಸಾವಿರಾರು ವರ್ಷಗಳಿಂದ ಹೇಳಿಕೊಂಡು ಬಂದ ಮಾತನ್ನು, ಅಂದರೆ ಹುಟ್ಟೇ ಯೋಗ್ಯತೆಯನ್ನು ನಿರ್ಧರಿಸುತ್ತದೆ ಎಂಬುದನ್ನು, ಈ ಜಗತ್ತುಗಳು ಅಕ್ಷರಶಃ ನಿಜ ಮಾಡಿಬಿಡುತ್ತವೆ. ಅಲ್ಲಿಗೆ ತತ್ತ್ವಶಾಸ್ತ್ರದ ಒಂದು ಗಟ್ಟಿ ಪ್ರಶ್ನೆ ಏಳುತ್ತದೆ: ಆ ಮಾತು ನಿಜವೇ ಆದ ಲೋಕದಲ್ಲಿ ಜಾತಿ ನ್ಯಾಯವಾಗುತ್ತದೆಯೇ?

ಭಾರತದಲ್ಲಿ ಜಾತಿಯನ್ನು ಪ್ರಶ್ನಿಸಿದವರಲ್ಲಿ ಅನೇಕರು ಹೊಡೆದದ್ದು ಈ ವಾದದ ಮೊದಲ ಮೆಟ್ಟಿಲಿಗೆ. ಸುತ್ತನಿಪಾತ ಎಂಬ ಬೌದ್ಧ ಗ್ರಂಥದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು, ಬ್ರಾಹ್ಮಣ್ಯ ಬರುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂದು ತಕರಾರು ಮಾಡಿಕೊಂಡು ಬುದ್ಧನ ಬಳಿಗೆ ಬರುತ್ತಾರೆ. ಬುದ್ಧ ಹುಲ್ಲು, ಮರ, ಹುಳು, ನಾಲ್ಕು ಕಾಲಿನ ಪ್ರಾಣಿ, ಹೊಟ್ಟೆಯ ಮೇಲೆ ಹರಿಯುವ ಹಾವು, ಮೀನು, ಹಕ್ಕಿಗಳನ್ನು ಒಂದೊಂದಾಗಿ ಹೆಸರಿಸುತ್ತಾನೆ. ಇವುಗಳಲ್ಲಿ ಪ್ರತಿಯೊಂದು ಜಾತಿಗೂ ಬೇರೆ ಬೇರೆ ಗುರುತುಗಳಿವೆ. ಮನುಷ್ಯರಲ್ಲಿ ಕೂದಲಿನಿಂದ ಹಿಡಿದು ಕಾಲಿನ ಉಗುರಿನವರೆಗೆ ಹುಡುಕಿದರೂ ಅಂಥ ಗುರುತಿಲ್ಲ ಎಂಬುದು ಅವನ ಉತ್ತರದ ಸಾರ. ಅಶ್ವಘೋಷನದೆಂದು ಹೇಳಲಾಗುವ ವಜ್ರಸೂಚಿ ಎಂಬ ಕೃತಿ ಇದೇ ದಾರಿಯಲ್ಲಿ ಮುಂದೆ ಹೋಗುತ್ತದೆ. ಹಸು, ಕುದುರೆ, ಆನೆಗಳ ಹೆಜ್ಜೆಗುರುತು ನೋಡಿ ಯಾವುದು ಯಾವ ಪ್ರಾಣಿಯದೆಂದು ಹೇಳಬಹುದು, ನಾಲ್ಕು ವರ್ಣದವರ ಹೆಜ್ಜೆಯನ್ನು ಹಾಗೆ ಬೇರ್ಪಡಿಸಲಾಗದು ಎಂದು ಅದು ವಾದಿಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣ ಕನ್ನಡದಲ್ಲಿ ಇದೇ ತರ್ಕವನ್ನು ಇನ್ನಷ್ಟು ಹರಿತವಾಗಿ ಮುಂದಿಟ್ಟ. ಕಸುಬಿನಿಂದ ಜಾತಿಯ ಹೆಸರು ಬಂದಿದೆ, ಹುಟ್ಟುವ ದಾರಿ ಮಾತ್ರ ಎಲ್ಲರಿಗೂ ಒಂದೇ ಎಂಬುದು ಅವನ ವಚನವೊಂದರ ಆಧಾರ.

ಮೂರೂ ವಾದಗಳು ನಿಂತಿರುವುದು ಮನುಷ್ಯ ದೇಹಗಳ ಸಮಾನತೆಯ ಮೇಲೆ. ಲಸ್ಟ್ರಿಯಾದಲ್ಲಿ ಅದೇ ಇಲ್ಲ. ಸಾರಸ್‌ನ ಹೆಜ್ಜೆಯನ್ನೂ ಸ್ಕಿಂಕ್‌ನ ಹೆಜ್ಜೆಯನ್ನೂ ಕೆಸರಿನಲ್ಲಿ ನೋಡಿದ ಕೂಡಲೇ ಬೇರ್ಪಡಿಸಬಹುದು. ಬುದ್ಧ ಹುಡುಕಿ ಇಲ್ಲವೆಂದ ಗುರುತುಗಳು ಅಲ್ಲಿ ತಲೆಯಿಂದ ಬಾಲದವರೆಗೆ ಇವೆ. ಉರಗಗಳ ಮೇಲೆ ವರ್ಣದ ಶ್ರೇಣಿಯನ್ನು ಹೊರಿಸುವ ಕೆಲಸ ಆಧುನಿಕ ಆಟಗಳಿಂದ ಶುರುವಾದದ್ದೂ ಅಲ್ಲ. ಸುಶ್ರುತ ಸಂಹಿತೆಯ ಕಲ್ಪಸ್ಥಾನ ಮೈಬಣ್ಣ ಮತ್ತು ಹೊಳಪನ್ನು ನೋಡಿ ಹಾವುಗಳನ್ನೇ ಬ್ರಾಹ್ಮಣ, ಕ್ಷತ್ರಿಯ, ವೈಶ್ಯ, ಶೂದ್ರ ಎಂದು ವಿಂಗಡಿಸುತ್ತದೆ. ವಿಷವೈದ್ಯದ ಗ್ರಂಥದೊಳಗೂ ಸಮಾಜದ ಪಟ್ಟಿ ಹಾವಿನ ಚರ್ಮದ ಮೇಲೆ ಇಳಿದಿತ್ತು. ಮನುಷ್ಯರಲ್ಲಿ ಕಾಣದ ಗುರುತನ್ನು ಪ್ರಾಣಿಯ ಮೈಯಲ್ಲಿ ಕಂಡುಕೊಂಡು, ಶ್ರೇಣಿ ಪ್ರಕೃತಿಯದೇ ಎಂದು ನೆಮ್ಮದಿಪಡುವ ಈ ಅಭ್ಯಾಸ ಬಹಳ ಹಳೆಯದು.

ಗ್ರೀಸ್‌ನಲ್ಲಿ ಅರಿಸ್ಟಾಟಲ್ ಇದೇ ತೊಡಕಿಗೆ ಸಿಕ್ಕಿಕೊಂಡ. ಕೆಲವರು ಸ್ವಭಾವದಿಂದಲೇ ದಾಸರು ಎಂದು ತನ್ನ ಪಾಲಿಟಿಕ್ಸ್ ಗ್ರಂಥದ ಮೊದಲ ಭಾಗದಲ್ಲಿ ಅವನು ವಾದಿಸುತ್ತಾನೆ. ದಾಸನಿಗೂ ಸ್ವತಂತ್ರನಿಗೂ ಬೇರೆ ಬೇರೆ ಮೈಕಟ್ಟು ಕೊಡಬೇಕೆಂಬುದು ಪ್ರಕೃತಿಯ ಬಯಕೆ ಎಂದೂ ಹೇಳುತ್ತಾನೆ. ಆದರೆ ಅನೇಕ ಸಲ ಅದು ತಿರುಗಾಮುರುಗಾ ಆಗಿಬಿಡುತ್ತದೆ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆ ಒಪ್ಪಿಗೆಯೊಂದೇ ಸಾಕು, ಅವನ ಸಿದ್ಧಾಂತ ಬಿರುಕು ಬಿಡಲು. ಲಿಜರ್ಡ್‌ಮೆನ್ ಜಗತ್ತಿನಲ್ಲಿ ಪ್ರಕೃತಿಯ ಆ ಬಯಕೆ ಪೂರ್ತಿ ಈಡೇರಿದೆ. ಅರಿಸ್ಟಾಟಲ್ ಬಯಸಿದ ಸಾಕ್ಷ್ಯವೆಲ್ಲ ಅವನ ಕೈಗೆ ಸಿಕ್ಕ ಲೋಕ ಅದು.

ಅಷ್ಟು ಸಾಕ್ಷ್ಯ ಸಿಕ್ಕ ಮೇಲೂ ಮೇಲುಕೀಳು ಸಿದ್ಧವಾಗುವುದಿಲ್ಲ. ಕ್ರಾಕ್ಸಿಗಾರ್ ಬಂಡೆ ಎತ್ತಬಲ್ಲದು, ಸ್ಕಿಂಕ್ ಎತ್ತಲಾರದು ಎಂಬ ಸಂಗತಿಯಿಂದ ಹೊರಡುವ ತೀರ್ಮಾನ ಒಂದೇ: ಬಂಡೆ ಎತ್ತುವ ಕೆಲಸಕ್ಕೆ ಕ್ರಾಕ್ಸಿಗಾರ್ ಹೆಚ್ಚು ಅನುಕೂಲ. ಯಾರ ಮಾತಿಗೆ ಹೆಚ್ಚು ಬೆಲೆ, ಯಾರ ಜೀವವನ್ನು ಮೊದಲು ಬಲಿ ಕೊಡಬಹುದು, ಯಾರು ಯಾರಿಗೆ ತಲೆಬಾಗಬೇಕು ಎಂಬುದು ಆ ಸಂಗತಿಯಲ್ಲಿ ಎಲ್ಲೂ ಅಡಗಿಲ್ಲ. ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ತಾನಾಗಿ ಹುಟ್ಟುವುದಿಲ್ಲ ಎಂದು ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಹ್ಯೂಮ್ ತೋರಿಸಿದ್ದ. ಅಂಬೇಡ್ಕರ್ 1936ರ ತಮ್ಮ ಜಾತಿ ವಿನಾಶ ಗ್ರಂಥದಲ್ಲಿ, ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ಜೋಡಿಸುತ್ತದೆ ಎಂದು ಬಿಡಿಸಿ ಹೇಳಿದರು. ಈ ಎರಡನ್ನು ಬೇರ್ಪಡಿಸಿ ನೋಡಲು ಉರಗ ಲೋಕ ಒಳ್ಳೆಯ ಪ್ರಯೋಗಶಾಲೆ. ಕೆಲಸದ ಹಂಚಿಕೆಗೆ ಅಲ್ಲಿ ದೇಹದ ಕಾರಣ ಸಿಗುತ್ತದೆ. ಕೆಲಸಗಾರರ ಶ್ರೇಣಿಗೆ ಅಲ್ಲಿಯೂ ಸಿಗುವುದಿಲ್ಲ. ಅದನ್ನು ಬೇರೆ ಕಡೆಯಿಂದ ತರಬೇಕಾಗುತ್ತದೆ.

ಲಸ್ಟ್ರಿಯಾದಲ್ಲಿ ಅದು ಬರುವುದು ಧರ್ಮದಿಂದ. ನಕ್ಷತ್ರಗಳಾಚೆಯಿಂದ ಬಂದ ಹಿರಿಯರು ಎಂಬ ದೈವಸಮಾನರು ಸ್ಲಾನ್‌ಗಳನ್ನು ಮೊದಲು ಸೃಷ್ಟಿಸಿ, ಮಹಾಯೋಜನೆಯೊಂದನ್ನು ಅವರ ಕೈಗೆ ಒಪ್ಪಿಸಿದರು ಎಂಬುದು ಅಲ್ಲಿನ ಪುರಾಣ. ಧ್ರುವಗಳಲ್ಲಿದ್ದ ಮಹಾದ್ವಾರಗಳು ಕುಸಿದಾಗ ಹಿರಿಯರು ಇಲ್ಲವಾದರು. ಉಳಿದದ್ದು ಚಿನ್ನದ ಫಲಕಗಳ ಮೇಲಿನ ಬರಹ. ಬರೆದವರು ಇಲ್ಲ, ಬರಹ ಇದೆ, ಅದನ್ನು ಓದುವ ಅಧಿಕಾರ ಒಂದು ವರ್ಗಕ್ಕೆ ಮೀಸಲು. ಸ್ಲಾನ್‌ಗಳು ವರ್ಷಗಟ್ಟಲೆ ಧ್ಯಾನದಲ್ಲಿ ಮುಳುಗಿರುತ್ತಾರೆ. ಅವರ ತುಟಿಯಿಂದ ಹೊರಟ ಒಂದೆರಡು ಮಾತಿಗೆ ಅರ್ಥ ಹೇಳುವವರು ಸ್ಕಿಂಕ್ ಪೂಜಾರಿಗಳು. ನಗರದ ದೈನಂದಿನ ಆಡಳಿತ ನಡೆಸುವವರೂ ಸ್ಕಿಂಕ್‌ಗಳೇ. ಪಟ್ಟಿಯಲ್ಲಿ ಕೆಳಗಿರುವವರ ಕೈಯಲ್ಲಿ ವ್ಯವಹಾರದ ಹಿಡಿತವಿದೆ, ಮೇಲಿರುವವರ ಪಾಲಿಗೆ ಪಾವಿತ್ರ್ಯವಿದೆ. ಸಾಮರ್ಥ್ಯಕ್ಕೆ ತಕ್ಕಂತೆ ಸ್ಥಾನ ಎಂಬ ಸಮರ್ಥನೆ ಈ ಲೋಕದ ಒಳಗೇ ಸರಿಯಾಗಿ ಕೂಡುವುದಿಲ್ಲ.

ಸೋಟೆಕ್ ಎಂಬ ಸರ್ಪದೇವನ ಕಥೆ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಪ್ಲೇಗಿನಂಥ ರೋಗ ಹರಡುವ ಇಲಿಮಾನವರು ಲಸ್ಟ್ರಿಯಾದ ಮೇಲೆ ದಾಳಿ ಮಾಡಿದಾಗ, ಟೆಹೆನ್‌ಹೌಯಿನ್ ಎಂಬ ಸ್ಕಿಂಕ್ ಪ್ರವಾದಿ ಹೊಸ ದೇವರ ಆಗಮನವನ್ನು ಸಾರಿದ. ಈ ದೇವರ ಬಗ್ಗೆ ಸ್ಲಾನ್‌ಗಳಿಗೇ ಖಚಿತವಾಗಿ ತಿಳಿದಿರಲಿಲ್ಲ. ಆಕಾಶದಲ್ಲಿ ಎರಡು ಬಾಲದ ಧೂಮಕೇತು ಕಾಣಿಸಿತು, ಸ್ಕಿಂಕ್‌ಗಳು ಸೋಟೆಕ್‌ನ ಹೆಸರಿನಲ್ಲಿ ತಿರುಗಿಬಿದ್ದರು, ಇಲಿಮಾನವರು ಹಿಮ್ಮೆಟ್ಟಿದರು. ಮಹಾಯೋಜನೆಯ ಪ್ರಕಾರ ಪರಿಚಾರಿಕೆಗೆಂದು ಹುಟ್ಟಿದವರು ದೇವರನ್ನೇ ತಮ್ಮ ಕಡೆಯಿಂದ ತಂದರು. ಅಚ್ಚಿನಲ್ಲಿ ಎರಕ ಹೊಯ್ದ ಜೀವಿಗಳೆಂದು ಹೇಳಿದ ಮೇಲೂ ಕಥೆಗಾರರಿಗೆ ಇಂಥದೊಂದು ಪ್ರಸಂಗ ಬೇಕಾಯಿತು ಎಂಬುದು ಗಮನಾರ್ಹ. ಮಾತಾಡುವ, ಹೆದರುವ, ನಂಬುವ ಜೀವಿಯನ್ನು ಒಂದೇ ಕಸುಬಿನ ಒಳಗೆ ಪೂರ್ತಿ ಮುಚ್ಚಿಡಲು ಕಲ್ಪನೆಗೂ ಸಾಧ್ಯವಾಗಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಸಾರಸ್ ಯುದ್ಧವನ್ನಲ್ಲದೆ ಬೇರೇನನ್ನೂ ಬಯಸದಿದ್ದರೆ, ಯುದ್ಧಕ್ಕೆ ಕಳಿಸುವುದರಿಂದ ಅದಕ್ಕೆ ಆಗುವ ಅನ್ಯಾಯವೇನು? ಆಲ್ಡಸ್ ಹಕ್ಸ್‌ಲಿ 1932ರ ಬ್ರೇವ್ ನ್ಯೂ ವರ್ಲ್ಡ್ ಕಾದಂಬರಿಯಲ್ಲಿ ಇದೇ ಪ್ರಶ್ನೆಯನ್ನು ಮನುಷ್ಯರ ಮೇಲೆ ಇಟ್ಟು ನೋಡಿದ. ಅಲ್ಲಿ ಆಲ್ಫಾದಿಂದ ಎಪ್ಸಿಲಾನ್‌ವರೆಗಿನ ಐದು ವರ್ಗದವರು ಸೀಸೆಗಳಲ್ಲಿ ಬೆಳೆಯುತ್ತಾರೆ, ತಮ್ಮ ಪಾಲನ್ನು ಪ್ರೀತಿಸುವಂತೆ ಬಾಲ್ಯದಿಂದಲೇ ಪಳಗುತ್ತಾರೆ. ಬಹುತೇಕ ಯಾರಿಗೂ ದೂರಿಲ್ಲ. ಆದರೂ ಓದುಗರಿಗೆ ಅದು ಭಯಾನಕ ಲೋಕವಾಗಿಯೇ ಕಾಣುತ್ತದೆ, ಆ ಭಯಕ್ಕೆ ಕಾರಣವೂ ಇದೆ. ಅನ್ಯಾಯ ನಡೆದಿರುವುದು ಕೆಲಸಕ್ಕೆ ಹಚ್ಚಿದ ಗಳಿಗೆಯಲ್ಲಿ ಅಲ್ಲ. ಇನ್ನೊಬ್ಬರ ಬಯಕೆಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಕತ್ತರಿಸಿ ಕೊಟ್ಟ ಗಳಿಗೆಯಲ್ಲಿ. ಸಂತೃಪ್ತಿಯನ್ನು ಸಾಕ್ಷಿಗೆ ಕರೆಯುವವರು ಆ ಸಂತೃಪ್ತಿಯನ್ನು ತಯಾರಿಸಿದ ಕೈಯನ್ನು ಮರೆಮಾಡುತ್ತಾರೆ. ಸಾರಸ್‌ನ ವಿಷಯದಲ್ಲಿ ಉತ್ತರ ಕೊಡಬೇಕಾದವರು ಹಿರಿಯರು, ಅವರು ಸ್ಥಳದಲ್ಲಿಲ್ಲ.

ಸೃಷ್ಟಿಕರ್ತನ ಈ ಹೊಣೆ ಡ್ರಾಕೋನಿಯನ್ನರ ಕಥೆಯಲ್ಲಿ ಅತ್ಯಂತ ನೋವಿನಿಂದ ಬರುತ್ತದೆ. ಮಾರ್ಗರೆಟ್ ವೈಸ್ ಮತ್ತು ಟ್ರೇಸಿ ಹಿಕ್‌ಮನ್ 1984ರಲ್ಲಿ ಆರಂಭಿಸಿದ ಡ್ರ್ಯಾಗನ್‌ಲ್ಯಾನ್ಸ್ ಕಾದಂಬರಿಗಳಲ್ಲಿ, ಒಳ್ಳೆಯ ಡ್ರ್ಯಾಗನ್‌ಗಳ ಕದ್ದ ಮೊಟ್ಟೆಗಳನ್ನು ಮಂತ್ರದಿಂದ ಕೆಡಿಸಿ ಸೈನಿಕರನ್ನು ಹುಟ್ಟಿಸಲಾಗುತ್ತದೆ. ಹಿತ್ತಾಳೆ ಡ್ರ್ಯಾಗನ್ ಮೊಟ್ಟೆಯಿಂದ ಬಾಜ್, ತಾಮ್ರದಿಂದ ಕಪಾಕ್, ಕಂಚಿನಿಂದ ಬೋಜಾಕ್, ಬೆಳ್ಳಿಯಿಂದ ಸಿವಾಕ್, ಚಿನ್ನದಿಂದ ಔರಾಕ್. ಸಾವು ಕೂಡ ವರ್ಗಕ್ಕೆ ತಕ್ಕಂತೆ ಬರುತ್ತದೆ: ಬಾಜ್ ಸತ್ತರೆ ಕಲ್ಲಾಗುತ್ತದೆ, ಕಪಾಕ್ ಆಮ್ಲವಾಗಿ ಕರಗುತ್ತದೆ, ಬೋಜಾಕ್‌ನ ಮೂಳೆಗಳು ಸಿಡಿಯುತ್ತವೆ. ಲೋಹಗಳ ಈ ಏಣಿಯನ್ನು ನೋಡಿದವರಿಗೆ ಪ್ಲೇಟೋ ನೆನಪಾಗದೆ ಇರುವುದಿಲ್ಲ. ರಿಪಬ್ಲಿಕ್‌ನ ಮೂರನೆಯ ಭಾಗದಲ್ಲಿ ಅವನು ಪ್ರಜೆಗಳಿಗೆ ಹೇಳಬೇಕಾದ ಒಂದು ಕಟ್ಟುಕಥೆಯನ್ನು ಸೂಚಿಸುತ್ತಾನೆ. ಎಲ್ಲರೂ ಭೂಮಿಯ ಒಡಲಲ್ಲಿ ರೂಪುಗೊಂಡವರು. ಆಳುವವರಲ್ಲಿ ದೇವರು ಚಿನ್ನ ಬೆರೆಸಿದ, ಕಾವಲಿನವರಲ್ಲಿ ಬೆಳ್ಳಿ, ರೈತರು ಮತ್ತು ಕುಶಲಕರ್ಮಿಗಳಲ್ಲಿ ಕಬ್ಬಿಣ ಮತ್ತು ಕಂಚು. ಭೂಮಿಯ ಒಡಲಿನ ಜನನ ಲಸ್ಟ್ರಿಯಾದ ಕೊಳಗಳಲ್ಲಿದೆ, ಲೋಹಗಳು ಡ್ರಾಕೋನಿಯನ್ನರ ಮೊಟ್ಟೆಗಳಲ್ಲಿವೆ. ಪ್ಲೇಟೋ ತನ್ನ ಕಥೆಯನ್ನು ಸುಳ್ಳೆಂದು ತಿಳಿದೇ ಹೇಳಿದ. ಚಿನ್ನದ ತಂದೆಗೆ ಬೆಳ್ಳಿಯ ಮಗ, ಕಂಚಿನ ತಂದೆಗೆ ಚಿನ್ನದ ಮಗ ಹುಟ್ಟಬಹುದು, ಅಂಥ ಮಗುವನ್ನು ಅದರ ಲೋಹಕ್ಕೆ ಸಲ್ಲುವ ಸ್ಥಾನಕ್ಕೆ ಕಳಿಸಬೇಕು ಎಂಬ ನಿಯಮವನ್ನೂ ಇಟ್ಟ. ಅವನ ಕಟ್ಟುಕಥೆಯಲ್ಲಿದ್ದ ಈ ಕಿಂಡಿ ಉರಗ ಲೋಕದಲ್ಲಿ ಮುಚ್ಚಿಹೋಗಿದೆ.

ಡ್ರಾಕೋನಿಯನ್ನರ ದೇಹವನ್ನು ಗಮನಿಸಿದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಎಲ್ಲರಿಗಿಂತ ಮೇಲಿನವನೆಂದು ಎಣಿಸಲಾಗುವ ಔರಾಕ್‌ಗೆ ರೆಕ್ಕೆಯೇ ಇಲ್ಲ. ನಿಜವಾಗಿ ಹಾರಬಲ್ಲವನು ಸಿವಾಕ್. ರೆಕ್ಕೆಯನ್ನು ಅಳತೆಗೋಲು ಮಾಡಿದ್ದರೆ ಏಣಿ ಬೇರೆಯಾಗುತ್ತಿತ್ತು. ಮಂತ್ರಶಕ್ತಿಯನ್ನು ಅಳತೆಗೋಲು ಮಾಡಿದ್ದರಿಂದ ಈ ಏಣಿ ಬಂದಿದೆ. ಜೀವಿಗಳ ನಡುವಿನ ವ್ಯತ್ಯಾಸಗಳು ಹತ್ತು ದಿಕ್ಕಿಗೆ ಹರಡಿರುತ್ತವೆ. ಅವುಗಳಲ್ಲಿ ಒಂದನ್ನು ಆರಿಸಿ ಅದೇ ಯೋಗ್ಯತೆ ಎನ್ನುವವರು ಯಾರು ಎಂಬ ಪ್ರಶ್ನೆ ಪ್ರತಿ ಶ್ರೇಣಿಯ ಬುಡದಲ್ಲೂ ಇರುತ್ತದೆ. ಸಾಮಾನ್ಯವಾಗಿ ಅದನ್ನು ಆರಿಸಿದವರು ಆ ಅಳತೆಯಲ್ಲಿ ಗೆಲ್ಲುವವರೇ.

1996ರಲ್ಲಿ ಮಾರ್ಗರೆಟ್ ವೈಸ್ ಮತ್ತು ಡಾನ್ ಪೆರಿನ್ ಬರೆದ ದ ಡೂಮ್ ಬ್ರಿಗೇಡ್ ಕಾದಂಬರಿಯಲ್ಲಿ, ಯುದ್ಧ ಮುಗಿದ ಮೇಲೆ ಕಾಂಗ್ ಎಂಬ ಬೋಜಾಕ್ ನಾಯಕನ ಸೈನಿಕರು ಒಂದು ಕಣಿವೆಯಲ್ಲಿ ನೆಲೆ ನಿಲ್ಲಲು ಹೆಣಗುತ್ತಾರೆ. ಒಡೆಯರು ಹೋದರು, ಹುಟ್ಟಿಸಿದ ಉದ್ದೇಶ ಮುಗಿಯಿತು, ತಮ್ಮ ಪೈಕಿ ಹೆಣ್ಣು ಇಲ್ಲದ್ದರಿಂದ ಪೀಳಿಗೆಯೂ ಇಲ್ಲ. ಹೆಣ್ಣು ಮೊಟ್ಟೆಗಳನ್ನು ಎಲ್ಲೋ ಅಡಗಿಸಿಡಲಾಗಿದೆ ಎಂದು ತಿಳಿದಾಗ ಅವರು ಹುಡುಕಿಕೊಂಡು ಹೊರಡುತ್ತಾರೆ. ಯುದ್ಧಕ್ಕೆಂದು ಮಾಡಿದ ಜೀವಿಗಳು ಊರು, ಮನೆ, ಮಕ್ಕಳನ್ನು ಬಯಸತೊಡಗುತ್ತವೆ. ಯಾವುದಕ್ಕಾಗಿ ಹುಟ್ಟಿಸಲಾಯಿತು ಎಂಬುದೂ ಯಾವುದಕ್ಕಾಗಿ ಬದುಕಬೇಕು ಎಂಬುದೂ ಬೇರೆ ಬೇರೆ ಎಂಬ ಮಾತನ್ನು ಇಷ್ಟು ಸರಳವಾಗಿ ಕಾಣಿಸಿದ ಕಥೆ ಈ ಸಾಹಿತ್ಯದಲ್ಲಿ ವಿರಳ.

ಯುವಾನ್-ಟಿಗಳ ವ್ಯವಸ್ಥೆ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಹೊರಡುತ್ತದೆ. 1981ರಲ್ಲಿ ಡೇವಿಡ್ ಕುಕ್ ಬರೆದ ಸಾಹಸಕಥನವೊಂದರಲ್ಲಿ ಮೊದಲು ಕಾಣಿಸಿಕೊಂಡ ಇವರು ಮೂಲದಲ್ಲಿ ಮನುಷ್ಯರು. 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ಎಂಬ ಆಟದ ಕೈಪಿಡಿಯ ಪ್ರಕಾರ ಅವರ ಪೂರ್ವಜರು ಸರ್ಪದೇವತೆಗಳ ಉಪಾಸನೆಯಲ್ಲಿ ಭೀಕರ ವಿಧಿಗಳನ್ನು ನಡೆಸಿ ತಮ್ಮ ಮೈಯನ್ನೇ ಹಾವಿನ ಮೈಯಾಗಿ ಮಾರ್ಪಡಿಸಿಕೊಂಡರು. ಹಾವಿನ ಅಂಶ ಹೆಚ್ಚಿದಷ್ಟೂ ಸ್ಥಾನ ಮೇಲು. ಬಹುಪಾಲು ಹಾವಾದ ಅಬೊಮಿನೇಷನ್ ತುದಿಯಲ್ಲಿ, ಅರೆಬರೆಯವರು ನಡುವೆ, ನೋಡಲು ಮನುಷ್ಯರಂತಿರುವ ಪ್ಯೂರ್‌ಬ್ಲಡ್ ತಳದಲ್ಲಿ. ಮನುಷ್ಯರ ನಗರಗಳಿಗೆ ವೇಷ ಮರೆಸಿಕೊಂಡು ಹೋಗಿ ಗೂಢಚಾರಿಕೆ ಮಾಡುವ ಅಪಾಯದ ಕೆಲಸ ತಳದವರದೇ. ದೇಹ ಇಲ್ಲಿ ಶ್ರೇಣಿಗೆ ಕಾರಣವಲ್ಲ. ಶ್ರೇಣಿಯ ಕಲ್ಪನೆ ಮೊದಲು ಬಂತು, ವಿಧಿಗಳು ಅದನ್ನು ಆಮೇಲೆ ಮೈಮೇಲೆ ಬರೆದವು. ಕೆಲವು ತಲೆಮಾರು ಕಳೆದರೆ ಹೊಸದಾಗಿ ಹುಟ್ಟಿದವರಿಗೆ ಅದು ಪ್ರಕೃತಿಯಂತೆಯೇ ಕಾಣುತ್ತದೆ. ಮನುಷ್ಯ ಸಮಾಜಗಳಲ್ಲಿ ಆಹಾರ, ಮದುವೆ, ಮುಟ್ಟುವಿಕೆಗಳ ಕಟ್ಟಳೆಗಳು ನಡೆಸಿದ ಕೆಲಸಕ್ಕೆ ಇದು ಬಹಳ ಹತ್ತಿರ. ಜಾತಿಯ ಜೀವಾಳ ಒಳಮದುವೆ ಎಂದು ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ತೋರಿಸಿದ್ದರು. ಆ ಅಳತೆಯಿಂದ ನೋಡಿದರೆ ಮದುವೆಯೇ ಇಲ್ಲದ ಲಿಜರ್ಡ್‌ಮೆನ್‌ಗಿಂತ, ನಂಬಿಕೆಯಿಂದ ಮೈಯನ್ನು ತಿದ್ದಿಕೊಂಡ ಯುವಾನ್-ಟಿಗಳೇ ನಿಜವಾದ ಜಾತಿಗೆ ಸಮೀಪದವರು.

ಲಿಜರ್ಡ್‌ಮೆನ್ ಹೋಲುವುದು ಹೆಚ್ಚಾಗಿ ಇರುವೆ, ಜೇನುಗಳ ಗೂಡನ್ನು. ಅಲ್ಲಿಯೂ ಪ್ರಕೃತಿ ಹುಟ್ಟಿನ ವಾದಕ್ಕೆ ಪೂರ್ತಿ ಬೆಂಬಲ ಕೊಡುವುದಿಲ್ಲ. ಜೇನಿನಲ್ಲಿ ರಾಣಿಯೂ ಕೆಲಸಗಾರ್ತಿಯೂ ಒಂದೇ ಬಗೆಯ ಮೊಟ್ಟೆಯಿಂದ ಬರುತ್ತವೆ. ಮರಿಹುಳುವಿಗೆ ಉಣಿಸುವ ಆಹಾರ ಅವುಗಳನ್ನು ಬೇರೆ ಮಾಡುತ್ತದೆ. ಮೊಸಳೆಯ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ಗೂಡಿನ ಬಿಸಿಯಿಂದ ತೀರ್ಮಾನವಾಗುತ್ತದೆ. ನಿಜವಾದ ಉರಗಗಳು ಕಾಲ್ಪನಿಕ ಉರಗಗಳಷ್ಟು ಹುಟ್ಟಿಗೆ ಕಟ್ಟುಬಿದ್ದಿಲ್ಲ.

ಎಲ್ಡರ್ ಸ್ಕ್ರೋಲ್ಸ್ ಆಟಗಳ ಆರ್ಗೋನಿಯನ್ನರಲ್ಲಿ ಎರಡು ಶ್ರೇಣಿಗಳಿವೆ, ಎರಡೂ ದೇಹದಿಂದ ಬಂದವಲ್ಲ. ತಮ್ಮ ಜೌಗುನಾಡಿನಲ್ಲಿ ನೆರಳು ಎಂಬ ರಾಶಿಯಲ್ಲಿ ಹುಟ್ಟಿದ ಮಕ್ಕಳನ್ನು ಕೊಲೆಗಡುಕರ ಪಂಥಕ್ಕೆ ಒಪ್ಪಿಸುತ್ತಾರೆ. 2006ರ ಆಬ್ಲಿವಿಯನ್ ಆಟದಲ್ಲಿ ಅಂಥವರು ಎದುರಾಗುತ್ತಾರೆ. 2011ರ ಸ್ಕೈರಿಮ್‌ನಲ್ಲಿ ಅದೇ ಜನ ವಿಂಡ್‌ಹೆಲ್ಮ್ ಕೋಟೆಯ ಹೊರಗೆ, ಹಡಗುಕಟ್ಟೆಯಲ್ಲಿ ವಾಸಿಸಬೇಕು. ಊರೊಳಗೆ ಮನೆಯಿಲ್ಲ, ಕೂಲಿಯೂ ಕಡಿಮೆ. ಅದೇ ಚರ್ಮ, ಅದೇ ಬಾಲ. ನಾಡು ಬದಲಾದ ಕೂಡಲೇ ಸ್ಥಾನ ಬದಲಾಗಿದೆ. ಕೋಟೆಯ ಹೊರಗಿನ ಈ ಕೇರಿಯನ್ನು ಗುರುತಿಸಲು ಭಾರತದ ಓದುಗರಿಗೆ ಟಿಪ್ಪಣಿ ಬೇಕಾಗುವುದಿಲ್ಲ.

ಇಷ್ಟೊಂದು ಉರಗ ಜನಾಂಗಗಳಲ್ಲಿ ಶ್ರೇಣಿ ಬಂದದ್ದೇಕೆ ಎಂಬುದಕ್ಕೆ ಆಟದ ರಚನೆಯಲ್ಲೇ ಒಂದು ಕಾರಣವಿದೆ. ಯುದ್ಧದ ಆಟದಲ್ಲಿ ಪ್ರತಿ ಬಗೆಯ ಸೈನಿಕನಿಗೂ ಬಲ, ಗಟ್ಟಿತನ, ಚುರುಕು, ನಾಯಕತ್ವಗಳ ಅಂಕಪಟ್ಟಿ ಬೇಕು. ಒಂದು ಬಗೆಯ ಬೊಂಬೆಗೆ ಒಂದು ಪಟ್ಟಿ. ಅಂಕಗಳ ಈ ಅನುಕೂಲಕ್ಕೆ ಆಮೇಲೆ ಪುರಾಣ ಸೇರಿಕೊಂಡು ಸ್ವಭಾವವಾಯಿತು. ವಾರ್‌ಹ್ಯಾಮರ್‌ನ ನಿಯಮಗಳಲ್ಲಿ ಶೀತರಕ್ತ ಎಂಬ ಗುಣವೊಂದಿದೆ: ಧೈರ್ಯದ ಪರೀಕ್ಷೆಗೆ ಮೂರು ದಾಳ ಉರುಳಿಸಿ, ಕಡಿಮೆ ಬಂದ ಎರಡನ್ನು ಎಣಿಸಬೇಕು. ಈ ಗುಣ ಸ್ಲಾನ್‌ನಿಂದ ಸ್ಕಿಂಕ್‌ವರೆಗೆ ಎಲ್ಲರಿಗೂ ಸಮಾನವಾಗಿ ಇದೆ.

ಹುಟ್ಟನ್ನು ಯೋಗ್ಯತೆಗೆ ಕಟ್ಟುವ ಈ ಪದ್ಧತಿ ಇತ್ತೀಚೆಗೆ ಆಟಗಾರರ ನಡುವೆಯೇ ಗಂಭೀರ ಆಕ್ಷೇಪಕ್ಕೆ ಒಳಗಾಗಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ 2016ರಲ್ಲಿ ಯುವಾನ್-ಟಿ ಪ್ಯೂರ್‌ಬ್ಲಡ್ ಪಾತ್ರ ವಹಿಸುವ ಆಟಗಾರನಿಗೆ ವರ್ಚಸ್ಸಿನಲ್ಲಿ ಎರಡು, ಬುದ್ಧಿಯಲ್ಲಿ ಒಂದು ಅಂಕ ಹುಟ್ಟಿನಿಂದಲೇ ಸಿಗುತ್ತಿತ್ತು. 2020ರಲ್ಲಿ ಬಂದ ನಿಯಮಪುಸ್ತಕ, ಅಂಥ ಅಂಕಗಳನ್ನು ಆಟಗಾರ ತನಗೆ ಬೇಕಾದ ಗುಣಕ್ಕೆ ಬದಲಾಯಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ಪುಸ್ತಕದಲ್ಲಿ ಆಟಗಾರರ ಪಾತ್ರದಿಂದ ಪ್ಯೂರ್‌ಬ್ಲಡ್ ಎಂಬ ಶ್ರೇಣಿಯ ಹೆಸರನ್ನೇ ತೆಗೆದು ಬರೀ ಯುವಾನ್-ಟಿ ಎಂದು ಉಳಿಸಲಾಯಿತು. 2024ರ ಪರಿಷ್ಕೃತ ಆವೃತ್ತಿಯಲ್ಲಿ ಈ ಅಂಕಗಳು ಪ್ರಭೇದದಿಂದ ಬರುವುದಿಲ್ಲ. ಪಾತ್ರ ಹಿಂದೆ ಬಾಳಿದ ಬದುಕಿನಿಂದ ಬರುತ್ತವೆ. ರೈತ, ಕುಶಲಕರ್ಮಿ, ನಾವಿಕ, ಲಿಪಿಕಾರ, ಸೈನಿಕ ಹೀಗೆ ಹದಿನಾರು ಹಿನ್ನೆಲೆಗಳ ಪಟ್ಟಿ ಅಲ್ಲಿದೆ. ಕುಲೀನ ಎಂಬುದೂ ಆ ಪಟ್ಟಿಯೊಳಗೆ ಉಳಿದಿದೆ.